ಅಪ್ಪನಿಗೆ ಉಳಿದ ಪದ

ನನ್ನ ಅಪ್ಪ ಅದೆಲಾರ್ ಎಪ್ಪತ್ತು ದಾಟುವ ತನಕ ಒಂದು ಸಲವೂ 'ತಬರ್ನಾಕ್' ಅಂದವನಲ್ಲ. ಕ್ವಿಬೆಕ್ಕಿನಲ್ಲಿ ಹುಟ್ಟಿ, ಮರ ಕಡಿಯುವವರ ಬಿಡಾರದಲ್ಲಿ ಮೀಸೆ ಚಿಗುರಿಸಿಕೊಂಡು, ಆಮೇಲೆ ಜೀವಮಾನವೆಲ್ಲ ಕಮ್ಮಾರಿಕೆ ಮಾಡಿದ ಗಂಡಸಿನ ಬಗ್ಗೆ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅವನ ಜೊತೆ ಒಂದೇ ಸೂರಿನಡಿ ಬದುಕಿದವಳು ನಾನು, ನನಗೆ ಗೊತ್ತು.

ನಮ್ಮ ಬೈಗುಳದ ಸಾಮಾನೆಲ್ಲ ಚರ್ಚಿನದು. ಬೇರೆ ಕಡೆ ಜನ ಸಿಟ್ಟು ಬಂದರೆ ಎದುರಿನವನ ತಾಯಿಯನ್ನೋ ತಂಗಿಯನ್ನೋ ಬೀದಿಗೆ ಎಳೆಯುತ್ತಾರಂತೆ. ನಾವು ಯಾರ ಮನೆ ಹೆಂಗಸರ ಸುದ್ದಿಗೂ ಹೋಗುವವರಲ್ಲ. ಸೀದಾ ದೇವರ ಮನೆಗೇ ನುಗ್ಗುತ್ತೇವೆ. ಪೂಜೆಯ ಬಟ್ಟಲು ಒಂದು ಬೈಗುಳ, ಪ್ರಸಾದದ ರೊಟ್ಟಿ ಇನ್ನೊಂದು. ಎಲ್ಲಕ್ಕೂ ಹಿರಿಯಣ್ಣ ಎಂದರೆ ತಬರ್ನಾಕ್. ಬಲಿಪೀಠದ ಮೇಲೆ ಆ ರೊಟ್ಟಿಯನ್ನು ಬೀಗ ಹಾಕಿ ಇಡುವ ಪುಟ್ಟ ಪೆಟ್ಟಿಗೆ ಅದು. ಅದರ ಮುಂದೆ ದೀಪ ಆರುವ ಹಾಗಿಲ್ಲ, ಅದರ ಎದುರು ಹಾಯುವವರು ಮೊಣಕಾಲು ಬಗ್ಗಿಸದೆ ಹೋಗುವ ಹಾಗಿಲ್ಲ. ಪಾದ್ರಿಗಳು ನಮ್ಮ ಅಜ್ಜ ಮುತ್ತಜ್ಜಂದಿರ ಹೆಗಲ ಮೇಲೆ ಬಹಳ ಕಾಲ ಕೂತಿದ್ದರು. ಎದುರು ನಿಂತು ಮಾತಾಡುವ ಎದೆ ಇಲ್ಲದವರು, ಕೊಡಲಿ ಕಾಲಿಗೆ ಬಿದ್ದಾಗ ಆ ಪೆಟ್ಟಿಗೆಯ ಹೆಸರು ಕೂಗಿ ಹೊಟ್ಟೆ ತಣ್ಣಗೆ ಮಾಡಿಕೊಂಡರು. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಅದು ಅಡುಗೆಗೆ ಉಪ್ಪಿನ ಹಾಗೆ ಎಲ್ಲದಕ್ಕೂ ಬೀಳತೊಡಗಿತ್ತು. ಹಾಕಿ ಆಟದಲ್ಲಿ ನಮ್ಮವರು ಗೋಲು ಹೊಡೆದರೆ ಅದನ್ನು ಎಳೆದೆಳೆದು ಕೂಗುತ್ತೇವೆ. ಗಾಡಿ ಶುರುವಾಗದಿದ್ದರೆ ಹಲ್ಲಿನ ನಡುವೆ ಕಡಿಯುತ್ತೇವೆ. ಬೇಕಾದವರು ಸತ್ತ ಸುದ್ದಿ ಬಂದರೆ ಉಸಿರಿನಲ್ಲಿ ಹೇಳಿ ಸುಮ್ಮನಾಗುತ್ತೇವೆ.

ಪುರಸಭೆಯ ಹಿಮ ತಳ್ಳುವ ಲಾರಿ ಓಡಿಸುವವಳು ನಾನು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸೀದಾ ಸೇಂಟ್ ಲಾರೆನ್ಸ್ ನದಿಗೆ ಇಳಿಯುವ ಪ್ರಪಾತ, ನಡುವೆ ನನ್ನ ರಸ್ತೆ. ಅಲ್ಲಿ ಆ ಪದವಿಲ್ಲದೆ ಗೇರು ಬೀಳುವುದಿಲ್ಲ. ಊರಲ್ಲಿ ನನ್ನಷ್ಟು ಚೆನ್ನಾಗಿ ಅದನ್ನು ಬಳಸುವ ಹೆಂಗಸು ಇನ್ನೊಬ್ಬಳಿಲ್ಲ ಎಂದು ಗಂಡಸರೇ ಒಪ್ಪಿಕೊಂಡಿದ್ದಾರೆ.

ಅಪ್ಪನ ಎದುರಿಗೆ ಮಾತ್ರ ಇಲ್ಲ. ಹದಿನಾಲ್ಕಕ್ಕೆ ಬಿಡಾರಕ್ಕೆ ಹೊರಟಾಗ ಅಜ್ಜಿ ಅವನ ಕೈಯನ್ನು ಶಿಲುಬೆಗೆ ಮುಟ್ಟಿಸಿ ಮಾತು ತೆಗೆದುಕೊಂಡಿದ್ದಳಂತೆ, ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ ಅಂತ. ಆ ಮಾತನ್ನು ಅವನು ಕಬ್ಬಿಣದ ಹಾಗೆ ಹಿಡಿದುಕೊಂಡ. ನಮ್ಮ ಅಮ್ಮ ಇದ್ದಾಗ ಅವಳು ಆ ಪದದ ಬಾಲ ಕತ್ತರಿಸಿ 'ತಬರ್ವೆತ್' ಎಂದು ಸಭ್ಯ ಮಾಡಿ ಅನ್ನುತ್ತಿದ್ದಳು, ಎಲ್ಲ ಮರ್ಯಾದಸ್ಥ ಹೆಂಗಸರ ಹಾಗೆ. ಅಪ್ಪನಿಗೆ ಅದೂ ಸೇರುತ್ತಿರಲಿಲ್ಲ. ಸುತ್ತಿಗೆ ಹೆಬ್ಬೆರಳಿನ ಮೇಲೆ ಬಿದ್ದರೆ ಮುಖ ಬಿಳುಚಿಕೊಂಡು, ಕಣ್ಣು ಮುಚ್ಚಿ, "ಒಳ್ಳೇದಾಯ್ತು ಬಿಡು," ಅನ್ನುತ್ತಿದ್ದ. ಭಾನುವಾರ ಚರ್ಚಿನಲ್ಲಿ ಮೊದಲ ಹಾಡುಗಾರ ಅವನು. ಬಲಿಪೀಠದ ಆ ಪೆಟ್ಟಿಗೆಯ ಬಾಗಿಲ ಕೀಲು ಮುರಿದಾಗ ಹೊಸ ಕೀಲು ಬಡಿದು ಕೂರಿಸಿದವನೂ ಅವನೇ.

ಹೊಸ ವರ್ಷದ ಬೆಳಿಗ್ಗೆ ಮಾತ್ರ ಅವನು ಬೇರೆಯೇ ಮನುಷ್ಯ. ನಮ್ಮಲ್ಲಿ ಆ ದಿನ ತಿಂಡಿಗೆ ಮುಂಚೆ ಮನೆಯ ಹಿರಿಯ ಮಗನೋ ಮಗಳೋ ಅಪ್ಪನ ಮುಂದೆ ಮೊಣಕಾಲೂರಿ, "ಅಪ್ಪಾ, ನಮ್ಮನ್ನು ಆಶೀರ್ವದಿಸು," ಎಂದು ಕೇಳಬೇಕು. ಅಪ್ಪ ಎದ್ದು ಬಲಗೈ ಎತ್ತಿ, ಗಾಳಿಯಲ್ಲಿ ಶಿಲುಬೆ ಬರೆದು, ಬಾಯಿ ಬಿಟ್ಟು ಹರಸಬೇಕು. ಎಷ್ಟೋ ಮನೆಗಳಲ್ಲಿ ಈಗ ಇದೆಲ್ಲ ನಿಂತುಹೋಗಿದೆ. ನಮ್ಮ ಮನೆಯಲ್ಲಿ ನಿಂತಿರಲಿಲ್ಲ. ಹಿರಿಯಳು ನಾನಾದ್ದರಿಂದ ಕೇಳುವವಳು ನಾನು. ಚರ್ಚಿಗೆ ನಾನು ಹೋಗುವುದು ಮದುವೆಗೆ, ಸಾವಿಗೆ. ದೇವರ ಬಗ್ಗೆ ನನ್ನನ್ನು ಕೇಳಬೇಡಿ. ಆದರೆ ಒಂದು ವರ್ಷ ನಾನು ಹೊಸ ವರ್ಷಕ್ಕೆ ಗೆಳತಿಯ ಮನೆಯಲ್ಲಿ ಕುಡಿದು ಮಲಗಿ, ಆಶೀರ್ವಾದ ತಪ್ಪಿಸಿದೆ. ಆ ಜನವರಿಯಲ್ಲೇ ಲಾರಿ ಜಾರಿ ಪ್ರಪಾತದ ಅಂಚಿನ ಬರ್ಚ್ ಮರಕ್ಕೆ ತಗುಲಿ ನಿಂತಿತು. ಮುಂದಿನ ಚಕ್ರಗಳೆರಡೂ ಗಾಳಿಯಲ್ಲಿ. ಅಪ್ಪ ಟ್ರ್ಯಾಕ್ಟರ್ ತಂದು, ಸರಪಳಿ ಕಟ್ಟಿ ಎಳೆದ. ಬೈಯಲಿಲ್ಲ. "ಮುಂದಿನ ಸಲ ಮೊದ್ಲು ಮೊಣಕಾಲೂರು, ಆಮೇಲೆ ಕುಡಿ," ಅಂದ. ಅಂದಿನಿಂದ ನಾನು ಆ ಬೆಳಗನ್ನು ತಪ್ಪಿಸಿಲ್ಲ.

ಸೇಬಿನ ಕೊಯ್ಲು ಮುಗಿದ ವಾರ ಅಪ್ಪ ಕುಲುಮೆಯ ಪಕ್ಕ ಬಿದ್ದ. ಲಕ್ವ. ಬಲಗಡೆ ಕೈಕಾಲು ಹೋಯಿತು. ಆಸ್ಪತ್ರೆಯಲ್ಲಿ ಒಂದು ವಾರ ಬಾಯಿಂದ ಒಂದು ಸದ್ದೂ ಇಲ್ಲ. ತಮ್ಮ ರೇಜಾನ್ ಮತ್ತು ನಾನು ಸರದಿಯಲ್ಲಿ ಪಕ್ಕ ಕೂರುತ್ತಿದ್ದೆವು. ಒಂದು ಮಧ್ಯಾಹ್ನ ಇಬ್ಬರೂ ಇದ್ದೆವು. ನರ್ಸಮ್ಮ ಬಟಾಣಿ ಸೂಪು ತಂದಳು. ಅಪ್ಪ ಅವಳ ಮುಖ ನೋಡಿದ. ಏನೋ ಹೇಳಬೇಕು ಅಂತ ತುಟಿ ನಡುಗಿಸಿದ. ಅವನ ಸ್ವಭಾವ ಗೊತ್ತಿದ್ದ ನನಗೆ ಅದು ಏನೆಂದು ಗೊತ್ತಿತ್ತು: ಥ್ಯಾಂಕ್ಸ್ ಕಣಮ್ಮಾ.

"ತಬರ್ನಾಕ್," ಅಂದ ಅಪ್ಪ.

ಸ್ಪಷ್ಟವಾಗಿ, ತುಂಬು ಗಂಟಲಿನಲ್ಲಿ, ಚರ್ಚಿನ ಹಾಡುಗಾರನ ಗಂಟಲಿನಲ್ಲಿ. ನರ್ಸಮ್ಮನಿಗೆ ನಗು ಬಂತು. "ನೋಡಿದ್ರಾ, ತಾತ ಬಾಯಿ ಬಿಟ್ರು. ಸೂಪು ಅಷ್ಟೊಂದು ಕೆಟ್ಟದಾಗಿದ್ಯಾ ತಾತಾ?" ಎಂದಳು ಪಾಪ, ಒಳ್ಳೆಯ ಮನಸ್ಸಿನಿಂದ. ಅಪ್ಪ ತನ್ನ ಬಾಯಿಂದ ಬಿದ್ದದ್ದನ್ನು ತಾನೇ ಕೇಳಿಸಿಕೊಂಡ. ಸರಿಮಾಡಲು ಹೋದ. ಮತ್ತೆ ಅದೇ ಬಂತು. ಮೂರನೇ ಸಲವೂ ಅದೇ. ಆಗ ಅವನು ಎಡಗೈಯಿಂದ ಬಾಯಿ ಮುಚ್ಚಿಕೊಂಡ. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಅಪ್ಪ ಅಷ್ಟು ನಾಚಿಕೊಂಡದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ನಾದೀನ್ ಎಂಬ ಹುಡುಗಿ ಇದ್ದಳು. ಅವಳು ನಮ್ಮಿಬ್ಬರನ್ನೂ ಪಕ್ಕದ ಕೋಣೆಗೆ ಕರೆದು ಕೂರಿಸಿದಳು.

"ತಲೆ ಒಳಗೆ ಮಾತು ಒಂದ್ಕಡೆ ಇರುತ್ತೆ, ಬೈಗುಳ ಇನ್ನೊಂದ್ಕಡೆ. ಮಾತಿರೋ ಕೋಣೆಗೆ ಬೆಂಕಿ ಬಿದ್ದಿದೆ. ಬೈಗುಳದ ಕೋಣೆ ಉಳ್ಕೊಂಡಿದೆ. ಇದು ತುಂಬಾ ಜನಕ್ಕೆ ಆಗುತ್ತೆ."

"ಆದ್ರೆ ನಮ್ಮಪ್ಪ ಬೈದೋನೇ ಅಲ್ಲ," ಅಂದೆ. "ಹಾಡಿದ್ದಾನೆ, ಜಪ ಮಾಡಿದ್ದಾನೆ. ಅದ್ಯಾವುದೂ ಉಳೀಲಿಲ್ವಾ?"

"ಏನುಳಿಯುತ್ತೆ ಅನ್ನೋದು ನಮ್ಮ ಕೈಲಿಲ್ಲ ಗಿಲೇನ್. ಕೇಳಿರ್ತಾರಲ್ಲ, ಬಿಡಾರದಲ್ಲಿ, ಕುಲುಮೇಲಿ. ಎಲ್ಲಾ ಒಳಗೇ ಇರುತ್ತೆ."

ನಾನು ಯೋಚಿಸಿದೆ: ಬಿಸಿ ಕಬ್ಬಿಣ ಮೈಸುಟ್ಟಾಗ, ಕುದುರೆ ಒದ್ದಾಗ, ಅಮ್ಮನನ್ನು ಮಣ್ಣು ಮಾಡಿದಾಗ, ಪ್ರತಿ ಸಲವೂ ಅಪ್ಪ ಅದನ್ನು ನುಂಗಿದ್ದ. ನುಂಗಿದ್ದು ಎಲ್ಲಿಗೆ ಹೋಗುತ್ತದೆ? ಹೊಟ್ಟೆಯಲ್ಲೇ ಇತ್ತು.

"ಈಗ ಕೇಳಿ," ಅಂದಳು ನಾದೀನ್. "ಇರೋದೊಂದೇ ಪದ. ಅದನ್ನೇ ಬಳಸ್ಬೇಕು. ರಾಗ ಬದಲಾಯಿಸಿ ಬದಲಾಯಿಸಿ ಹೌದು, ಬೇಡ, ನೀರು, ನೋವು ಎಲ್ಲಾ ಅದ್ರಲ್ಲೇ ಹೇಳೋದು ಕಲೀಲಿ. ಅದೇ ದಾರಿ ಹಿಡ್ಕೊಂಡು ಬೇರೆ ಪದ ಬಂದ್ರೂ ಬರಬಹುದು. ಬಾಯಿ ಮುಚ್ಕೊಂಡು ಕೂತ್ರೆ ಇರೋ ಒಂದೂ ಹೋಗುತ್ತೆ. ಅಷ್ಟೇ ಅಲ್ಲ, ಇಂಥೋರು ಊಟ ಬಿಡ್ತಾರೆ, ಎದ್ದು ನಡೆಯೋದು ಬಿಡ್ತಾರೆ. ಆಮೇಲೆ ಬಹಳ ದಿನ ಇರಲ್ಲ. ಹೆಂಗಾದ್ರೂ ಮಾಡಿ ಅವರ ಬಾಯಿಂದ ಬೈಸಿ."

ಅಪ್ಪನ ಬಾಯಿಂದ ಬೈಸುವುದು. ಇದಕ್ಕಿಂತ ಹಿಮಗರಡಿಯನ್ನು ಚರ್ಚಿಗೆ ಕರೆದುಕೊಂಡು ಹೋಗುವುದು ಸುಲಭವಿತ್ತು.

ಮನೆಗೆ ಬರುವ ದಾರಿಯಲ್ಲೇ ರೇಜಾನ್ ತೀರ್ಮಾನ ಮಾಡಿಬಿಟ್ಟ. ಅವನಿಗೆ ಊರ ನಡುವೆ ಮೊಳೆ, ಬಣ್ಣ, ಹಗ್ಗ ಮಾರುವ ಅಂಗಡಿ. ಊರಿನ ಸುದ್ದಿಯೆಲ್ಲ ಅವನ ಗಲ್ಲಾದ ಮುಂದೆ ಉಪ್ಪು ಖಾರ ಹಚ್ಚಿಸಿಕೊಂಡೇ ಮುಂದೆ ಹೋಗುವುದು.

"ಅಪ್ಪಂಗೆ ಮಾತು ಪೂರ್ತಿ ಹೋಗಿದೆ ಅಂತ ಹೇಳೋಣ," ಅಂದ.

"ಯಾಕೆ?"

"ಯಾಕೆ ಅಂದ್ರೆ? ಜನ ನಗ್ತಾರೆ ಕಣೇ. ಅದೆಲಾರ್ ಜೀವಮಾನ ಪೂರ್ತಿ ನಮಗೆಲ್ಲಾ ಉಪದೇಶ ಮಾಡಿ ಈಗ ನೋಡು ಅಂತಾರೆ. ನೀನು ಲಾರೀಲಿ ಹೋಗ್ಬಿಡ್ತೀಯ. ದಿನಾ ಅವರ ಮುಖ ನೋಡೋನು ನಾನು."

"ನಗ್ಲಿ. ನಗು ತಿಂದು ಯಾರೂ ಸತ್ತಿಲ್ಲ."

"ಅಪ್ಪ ಸಾಯ್ತಾನೆ," ಅಂದ ರೇಜಾನ್. "ನೀನು ಅವನ ಮುಖ ನೋಡ್ಲಿಲ್ವಾ?"

ನೋಡಿದ್ದೆ. ಅದಕ್ಕೇ ಒಪ್ಪಿಕೊಂಡೆ. ಹೀಗೆ ಊರಿಗೆಲ್ಲ ಅಪ್ಪ ಮೂಗನಾದ. ಅಪ್ಪನಿಗೂ ಅದೇ ಬೇಕಾಗಿತ್ತು. ಮನೆಗೆ ಬಂದವನು ಬಾಯಿಗೆ ಬೀಗ ಹಾಕಿಕೊಂಡು ಕಟ್ಟಿಗೆ ಒಲೆಯ ಪಕ್ಕದ ತೂಗುಕುರ್ಚಿಯಲ್ಲಿ ಕೂತ. ಕುರ್ಚಿ ತೂಗುತ್ತಲೂ ಇರಲಿಲ್ಲ.

ನಾನು ಮಾಡದ ಸರ್ಕಸ್ಸಿಲ್ಲ. ಅವನಿಗಿಷ್ಟವಾದ ಹಾಕಿ ತಂಡ ಸೋಲುವಾಗ ಟಿವಿಯ ಸದ್ದು ಜೋರು ಮಾಡಿದೆ. ಅವನ ಅತ್ಯಂತ ಒಳ್ಳೆಯ ಇಕ್ಕಳದಿಂದ ಅವನ ಕಣ್ಣೆದುರೇ ಆಕ್ರೋಟು ಒಡೆದೆ. ಕೊನೆಗೆ ಎದುರಿಗೆ ಕೂತು ನಾನೇ ಮೊದಲ ಸಲ ಅವನ ಮುಂದೆ ಆ ಪದ ಅಂದೆ. "ನೋಡು, ಅಷ್ಟೇ ಅಪ್ಪಾ. ಸೂರು ಬೀಳ್ಲಿಲ್ಲ. ನೀನೂ ಹೇಳು." ಅವನು ನನ್ನನ್ನು ನೋಡಿದ ನೋಟಕ್ಕೆ, ಐವತ್ತು ದಾಟಿದ ನಾನು ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದೆ.

ನವೆಂಬರ್ ಕಳೆಯಿತು. ಸೂಪು ಅರ್ಧ ಬಟ್ಟಲಿಗೆ ಇಳಿಯಿತು, ಆಮೇಲೆ ಕಾಲು ಬಟ್ಟಲಿಗೆ. ಅಂಗಿ ಮೈಮೇಲೆ ಜೋಲಾಡತೊಡಗಿತು. ಭಾನುವಾರ ಚರ್ಚಿನ ಗಂಟೆ ಕೇಳಿದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ನಾದೀನ್ ಎರಡು ಸಲ ಮನೆಗೆ ಬಂದು ನೋಡಿ ಹೋದಳು. ಎರಡನೇ ಸಲ ಬಾಗಿಲ ಹತ್ತಿರ ನನ್ನ ಕೈ ಹಿಡಿದು, "ಬೇಗ ಏನಾದ್ರೂ ಮಾಡಿ," ಎಂದಳು. ಅಷ್ಟೇ ಅಂದದ್ದು. ನಾನು ಲಾರಿಯೊಳಗೆ ಕೂತು ಅಳುತ್ತಿದ್ದೆ, ಬೈಯುತ್ತಿದ್ದೆ, ಹಿಮ ತಳ್ಳುತ್ತಿದ್ದೆ.

ಕ್ರಿಸ್‌ಮಸ್ ಕಳೆದ ಮೇಲೆ ಯೂಲಾಲಿ ಅತ್ತೆ ಬಂದಳು. ಅಪ್ಪನ ತಂಗಿ, ಕನ್ಯಾಸ್ತ್ರೀ. ಕ್ವಿಬೆಕ್ ನಗರದ ಮಠದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿ ಹೇಳಿ ಬೆನ್ನು ಸೆಟೆದುಹೋದವಳು. ಅವಳು ಕೋಣೆಯೊಳಗೆ ಬಂದರೆ ಬೆಕ್ಕು ಸಹ ಕಾಲು ಒರೆಸಿಕೊಳ್ಳುತ್ತಿತ್ತು. ರೇಜಾನ್ ಬಸ್ ನಿಲ್ದಾಣದಿಂದ ಅವಳನ್ನು ಕರೆತರುವಾಗಲೇ ಪಾಠ ಒಪ್ಪಿಸಿದ್ದ: ಮಾತು ಪೂರ್ತಿ ಹೋಗಿದೆ ಅತ್ತೆ, ಒಂದಕ್ಷರವೂ ಇಲ್ಲ.

ಅತ್ತೆ ಅಣ್ಣನ ಪಕ್ಕ ಕೂತು, ಬಿದ್ದುಹೋದ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಸಂಜೆಯವರೆಗೆ ಮಠದ ಸುದ್ದಿ ಹೇಳಿದಳು. ಅಪ್ಪ ಹಲ್ಲು ಕಚ್ಚಿ ಕೂತಿದ್ದ. ತಂಗಿಯ ಎದುರು ಆ ಪದ ಜಾರಿದರೆ ಏನು ಗತಿ ಎಂಬ ಭಯಕ್ಕೆ ಊಟಕ್ಕೂ ಬಾಯಿ ತೆರೆಯಲಿಲ್ಲ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದಳು.

"ಗಿಲೇನ್, ಇವನು ಮೂಗನಲ್ಲ. ನಲವತ್ತು ವರ್ಷ ತರಗತೀಲಿ ನಿಂತೋಳು ನಾನು. ಮಾತು ಬಾರದ ಮಗು ಯಾವುದು, ಬಾಯಿ ಮುಚ್ಕೊಂಡಿರೋ ಮಗು ಯಾವುದು ನಂಗೆ ಗೊತ್ತಾಗುತ್ತೆ. ಏನು ಮುಚ್ಚಿಡ್ತಿದ್ದೀರಿ?"

"ಏನಿಲ್ಲ ಅತ್ತೆ."

"ಸುಳ್ಳು ಹೇಳೋವಾಗ ನೀನು ಚಿಕ್ಕೋಳಿದ್ದಾಗ್ಲೂ ಮೂಗು ಉಜ್ತಿದ್ದೆ," ಅಂದು ಹೊರಟುಹೋದಳು. ನಾನು ಮೂಗಿನಿಂದ ಕೈ ತೆಗೆದೆ.

ಹೊಸ ವರ್ಷದ ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಗಾಳಿ ಕೂಗುತ್ತಿತ್ತು. ಕಿಟಕಿಯ ಅರ್ಧದವರೆಗೆ ಹಿಮ. ಪುರಸಭೆಯಿಂದ ಫೋನು: ಗುಡ್ಡದ ರಸ್ತೆ ಮುಚ್ಚಿದೆ, ಬೇಗ ಬಾ. ಬರ್ತೀನಿ ಅಂದೆ. ರೇಜಾನ್ ಹೆಂಡತಿಯನ್ನು ಕರೆದುಕೊಂಡು ಹಿಮದಲ್ಲಿ ಮೊಣಕಾಲುದ್ದ ಹೂತುಕೊಂಡೇ ಬಂದ. ಒಲೆಯಲ್ಲಿ ಮಾಂಸದ ಪೈ ಬೇಯುತ್ತಿತ್ತು. ಅಪ್ಪ ತನ್ನ ಕರಿ ಕೋಟು ಹಾಕಿಸಿಕೊಂಡು ತೂಗುಕುರ್ಚಿಯಲ್ಲಿ ಕೂತಿದ್ದ. ಕೋಟಿನೊಳಗೆ ಇನ್ನೊಬ್ಬ ಮನುಷ್ಯ ಹಿಡಿಸುವಷ್ಟು ಜಾಗವಿತ್ತು.

ರೇಜಾನ್ ನನ್ನ ಕಿವಿಯಲ್ಲಿ, "ಈ ವರ್ಷ ಬೇಡ ಬಿಡಕ್ಕಾ. ಅವನಿಗೆ ಹಿಂಸೆ. ಅತ್ತೆ ಬೇರೆ ಇದ್ದಾಳೆ," ಅಂದ.

ನಾನು ಬೂಟು ಹಾಕಿಕೊಂಡಿದ್ದೆ, ಕೋಟು ಹಾಕಿಕೊಂಡಿದ್ದೆ, ಲಾರಿಯ ಬೀಗದ ಕೈ ಜೇಬಿನಲ್ಲಿತ್ತು. ಆ ರಸ್ತೆ ಕಣ್ಣ ಮುಂದೆ ಬಂತು, ಆ ಬರ್ಚ್ ಮರ ಕಣ್ಣ ಮುಂದೆ ಬಂತು. ನಿಜ ಹೇಳುತ್ತೇನೆ, ಆಶೀರ್ವಾದವಿಲ್ಲದೆ ಹೋಗಲು ನನಗೆ ಹೆದರಿಕೆಯಾಯಿತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಇವತ್ತು ಕೇಳದೆ ಬಿಟ್ಟರೆ ಅಪ್ಪನಿಗೆ ಈ ಮನೆಯಲ್ಲಿ ಇನ್ನು ಯಾವ ಕೆಲಸವೂ ಉಳಿಯುವುದಿಲ್ಲ. ಹಾಡು ಹೋಯಿತು, ಸುತ್ತಿಗೆ ಹೋಯಿತು. ಇದೂ ಹೋದರೆ ಅವನು ಈ ಚಳಿಗಾಲವನ್ನು ದಾಟುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು.

ಬೂಟಿನಲ್ಲೇ ಹೋಗಿ ಮೊಣಕಾಲೂರಿದೆ. "ಅಪ್ಪಾ, ನಮ್ಮನ್ನ ಆಶೀರ್ವದಿಸು."

ರೇಜಾನ್ ಹಿಂದೆ ಹಲ್ಲು ಕಡಿದದ್ದು ಕೇಳಿಸಿತು. ಆದರೂ ಅವನೂ, ಅವನ ಹೆಂಡತಿಯೂ ಬಗ್ಗಿದರು. ಅತ್ತೆ ಕುರ್ಚಿ ಹಿಡಿದು ನಿಧಾನಕ್ಕೆ ಬಗ್ಗಿದಳು.

ಅಪ್ಪ ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಎಡಗೈಯಿಂದ ಕುರ್ಚಿಯ ಹಿಡಿ ಒತ್ತಿ ಎದ್ದ. ನಾನು ಹಿಡಿಯಲು ಹೋದರೆ ತಲೆ ಅಲ್ಲಾಡಿಸಿದ. ಒಲೆಗೆ ಬೆನ್ನು ಆನಿಸಿ ನಿಂತು, ಎಡಗೈಯಿಂದ ತನ್ನ ಸತ್ತ ಬಲಗೈಯ ಮಣಿಕಟ್ಟು ಹಿಡಿದು ಮೇಲೆತ್ತಿದ. ಕುದುರೆಗೆ ಲಾಳ ಕಟ್ಟುವಾಗ ಅದರ ಕಾಲೆತ್ತುತ್ತಿದ್ದನಲ್ಲ, ಹಾಗೆ. ಎತ್ತಿದ ಕೈಯಿಂದ ನಮ್ಮ ತಲೆಗಳ ಮೇಲೆ ಶಿಲುಬೆ ಬರೆದ. ಬಾಯಿ ಬಿಗಿದೇ ಇತ್ತು.

"ಆಯ್ತಲ್ಲ. ಏಳು," ಎಂದು ರೇಜಾನ್ ಪಿಸುಗುಟ್ಟಿದ.

ನಾನು ಏಳಲಿಲ್ಲ. "ಆಗ್ಲಿಲ್ಲ," ಅಂದೆ. "ಬಾಯಲ್ಲಿ ಹೇಳ್ಬೇಕು. ಬಾಯಲ್ಲಿ ಹೇಳದ ಆಶೀರ್ವಾದ ತಗೊಂಡು ನಾನು ಆ ರಸ್ತೆಗೆ ಹೋಗಲ್ಲ."

ಅಪ್ಪ ಅತ್ತೆಯ ಕಡೆ ಕಣ್ಣು ಹಾಯಿಸಿ ತಲೆ ಅಲ್ಲಾಡಿಸಿದ. ಬೇಡ.

"ಇರೋದನ್ನೇ ಹೇಳು ಅಪ್ಪಾ. ನಿನ್ನ ಹತ್ರ ಏನಿದ್ಯೋ ಅದನ್ನೇ ಕೊಡು. ಇಲ್ದೇ ಇರೋದನ್ನ ನಾನು ಕೇಳ್ತಿಲ್ಲ."

ಮತ್ತೆ ಫೋನು ಹೊಡೆದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ. ರೇಜಾನ್ "ಅಕ್ಕಾ, ಸಾಕು, ದಮ್ಮಯ್ಯ," ಅಂದ. ಅಪ್ಪ ಎತ್ತಿದ ಕೈ ಇಳಿಸಿರಲಿಲ್ಲ, ಕಣ್ಣೀರು ಮೀಸೆಗೆ ಇಳಿಯುತ್ತಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೂ ಮೊಂಡು ಎಂದರೆ ಮೊಂಡು, ಅವನಿಂದಲೇ ಬಂದದ್ದು. ನಾನು ನೆಲ ಬಿಡಲಿಲ್ಲ. ಫೋನು ತಾನಾಗಿ ನಿಂತಿತು.

"ತಬರ್ನಾಕ್," ಅಂದ ಅಪ್ಪ.

ಕೈ ಮೇಲಿಂದ ಕೆಳಗೆ ಬಂತು. "ತಬರ್ನಾಕ್." ಕೈ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. "ತಬರ್ನಾಕ್." ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ನಾನು ಹುಟ್ಟಿದಾಗಿನಿಂದ ಕೇಳಿದ ಅದೇ ರಾಗ, ಅದೇ ಏರಿಳಿತ, ಪ್ರತಿಯೊಂದು ಉಸಿರೂ ಅದರ ಜಾಗದಲ್ಲೇ. ಪದ ಮಾತ್ರ ಒಂದೇ. ನನ್ನ ಬಾಯಲ್ಲಿ ದಿನಕ್ಕೆಷ್ಟೋ ಸಲ ಹೊಲಸಾಗಿ ಬೀಳುತ್ತಿದ್ದ ಪದ ಅವನ ಬಾಯಲ್ಲಿ ತೊಳೆದಿಟ್ಟ ಹಾಗೆ ಬಂತು.

ರೇಜಾನ್ ನೆಲ ನೋಡುತ್ತಿದ್ದ. ನಾನು ಓರೆಗಣ್ಣಿನಿಂದ ಅತ್ತೆಯನ್ನು ನೋಡಿದೆ.

"ಆಮೆನ್," ಅಂದಳು ಯೂಲಾಲಿ ಅತ್ತೆ.

ಆಮೇಲೆ ಕುರ್ಚಿ ಹಿಡಿದು ಎದ್ದು, ಬಟ್ಟೆಯ ಧೂಳು ಕೊಡವಿ, ರೇಜಾನನ ಕಡೆ ತಿರುಗಿದಳು. "ಇದನ್ನೇನಾ ಮುಚ್ಚಿಟ್ಟಿದ್ದು?"

"ಅತ್ತೆ, ಅಪ್ಪಂಗೆ ಬೇರೆ ಪದಾನೇ ಬರಲ್ಲ. ಬೇಕಂತ ಅಲ್ಲ," ಎಂದು ರೇಜಾನ್ ತೊದಲಿದ.

"ಆ ಪೆಟ್ಟಿಗೆ ಬಾಗಿಲಿಗೆ ಕೀಲು ಮಾಡಿ ಕೂರಿಸಿದೋನು ಯಾರು? ಇವನು. ಮುಂದೆ ನಿಂತು ಜೀವಮಾನ ಹಾಡಿದೋನು ಯಾರು? ಇವನು. ಅದನ್ನ ಹೆಸರು ಹಿಡಿದು ಕರೆಯೋ ಹಕ್ಕು ಇವನಿಗಿಲ್ದೆ ನಿನ್ನಂಥ ಮೊಳೆ ಮಾರೋನಿಗಿರುತ್ತಾ?" ಆಮೇಲೆ ಅಣ್ಣನ ಕೋಟಿನ ಗುಂಡಿ ಸರಿಮಾಡುತ್ತಾ, ಮೆತ್ತಗೆ, "ಅಮ್ಮನಿಗೆ ಕೊಟ್ಟ ಮಾತು ನೀನು ಮುರೀಲಿಲ್ಲ ಅದೆಲಾರ್. ಅಮ್ಮ ಬಾಯಿ ಹೊಲಸು ಮಾಡ್ಕೋಬೇಡ ಅಂದಿದ್ಲು. ಇದ್ರಲ್ಲಿ ಹೊಲಸೆಲ್ಲಿದೆ?" ಅಂದಳು.

ಅಪ್ಪ ತಂಗಿಯ ಹೆಗಲ ಮೇಲೆ ಹಣೆಯಿಟ್ಟು ಅತ್ತ. ಅಳುತ್ತಲೇ ಅದೇ ಪದ ಹೇಳಿದ. ಈ ಸಲ ಅದು ಥ್ಯಾಂಕ್ಸ್ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಒಲೆಯ ಕಡೆ ಮೂಗೆತ್ತಿ ಇನ್ನೊಂದು ಸಲ ಹೇಳಿದ, ಜೋರಾಗಿ. ಪೈ ಸೀಯುತ್ತಿತ್ತು.

ಅವತ್ತು ಇಡೀ ಹಗಲು ಗುಡ್ಡದ ರಸ್ತೆಯಲ್ಲಿ ಹಿಮ ತಳ್ಳಿದೆ. ಎದುರಿನದೇನೂ ಕಾಣುತ್ತಿರಲಿಲ್ಲ. ಬರ್ಚ್ ಮರದ ತಿರುವಿನಲ್ಲಿ ಲಾರಿ ಒಮ್ಮೆ ಬಾಲ ಬೀಸಿ ಮತ್ತೆ ದಾರಿ ಹಿಡಿಯಿತು. ಕತ್ತಲಾಗುವ ಮುಂಚೆ ಮನೆಗೆ ಬಂದೆ. ಅಪ್ಪ ಕಿಟಕಿಯ ಹತ್ತಿರ ಕೂತು ಕಾಯುತ್ತಿದ್ದ, ಮುಂದೆ ಖಾಲಿ ತಟ್ಟೆ. ನನ್ನನ್ನು ಕಂಡು ಒಂದು ಸಲ ಅಂದ. ಬಂದ್ಯಾ ಅಂತ.

ಆಮೇಲೆ ಎರಡು ಚಳಿಗಾಲ ಅವನು ನಮ್ಮ ಜೊತೆಗಿದ್ದ. ಬೇರೆ ಪದ ಬರಲೇ ಇಲ್ಲ, ಬೇಕಾಗಲೂ ಇಲ್ಲ. ಅದೊಂದರಲ್ಲೇ ಅವನು ಚಹಾ ಕೇಳಿದ, ಹವಾಮಾನ ಹೇಳಿದ, ನನ್ನ ಅಡುಗೆಗೆ ಮೂಗು ಮುರಿದ, ರೇಜಾನನ ಕುದುರೆ ಲಾಳದ ಬೆಲೆ ಕೇಳಿ ಛೀಮಾರಿ ಹಾಕಿದ. ಊರಿನವರು ನಕ್ಕರು, ನಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮೊದಲ ವಾರ ನಕ್ಕರು. ಆಮೇಲೆ ಅಂಗಡಿಗೆ ಬಂದವರು, "ಅದೆಲಾರ್ ಇವತ್ತು ನನ್ನ ನೋಡಿ ಎಷ್ಟು ಪ್ರೀತಿಯಿಂದ ಅಂದ್ರು ಗೊತ್ತಾ," ಎಂದು ಹೇಳಿಕೊಳ್ಳತೊಡಗಿದರು. ಭಾನುವಾರ ಅಪ್ಪ ತನ್ನ ಹಳೆಯ ಜಾಗದಲ್ಲಿ ಕೂತು ಬಾಯಿ ಮುಚ್ಚಿಕೊಂಡೇ ರಾಗ ಗುನುಗುತ್ತಿದ್ದ. ಅಲ್ಲಿ ಮಾತ್ರ ಪದ ಹೇಳುತ್ತಿರಲಿಲ್ಲ. ಅದು ಅವನ ಮರ್ಯಾದೆ.

ನಾದೀನಳಿಗೆ ನಾನು ಪ್ರತಿ ವಸಂತದಲ್ಲಿ ಮೇಪಲ್ ಮರದ ಸಿಹಿ ಪಾಕದ ಡಬ್ಬ ಕಳಿಸುತ್ತೇನೆ. ಅತ್ತೆಗೂ ಕಳಿಸುತ್ತೇನೆ. ಆ ಪದಕ್ಕೆ ಏನು ಕಳಿಸಬೇಕೋ ತಿಳಿಯದು. ಎಲ್ಲ ಸುಟ್ಟುಹೋದಾಗ ಅದೊಂದು ಉಳಿಯದಿದ್ದರೆ ನನ್ನ ಅಪ್ಪ ಗೋಡೆ ನೋಡುತ್ತಾ ಹೋಗಿಬಿಡುತ್ತಿದ್ದ. ಯಾರೋ ಮರ ಕಡಿಯುವವರು ಸಿಟ್ಟಿನಲ್ಲಿ ಕೂಗಿದ್ದು, ಅಪ್ಪ ನುಂಗಿ ಇಟ್ಟುಕೊಂಡದ್ದು, ಕೊನೆಗೆ ನಮಗೆ ಅವನನ್ನು ಎರಡು ವರ್ಷ ವಾಪಸು ಕೊಟ್ಟಿತು. ನಾನು ಆ ಋಣ ಮರೆತಿಲ್ಲ. ಲಾರಿ ಹೂತುಕೊಂಡರೆ ಈಗ ಪೂಜೆಯ ಬಟ್ಟಲನ್ನು ಕರೆಯುತ್ತೇನೆ, ರೊಟ್ಟಿಯನ್ನು ಕರೆಯುತ್ತೇನೆ. ಪೆಟ್ಟಿಗೆಯನ್ನು ಕರೆಯುವುದಿಲ್ಲ. ಅದು ಅಪ್ಪನದು.

ಅಪ್ಪ ಹೋದದ್ದು ಎಲೆ ಕೆಂಪಾಗುವ ಕಾಲದಲ್ಲಿ. ಅದಾದ ಮೇಲಿನ ಹೊಸ ವರ್ಷಕ್ಕೂ ರೇಜಾನ್ ಹೆಂಡತಿಯ ಜೊತೆ ಬಂದ, ಅತ್ತೆಯೂ ಬಂದಳು. ತೂಗುಕುರ್ಚಿ ಖಾಲಿಯಿತ್ತು. ಯಾರೂ ಅದರ ಕಡೆ ನೋಡದೆ ಹವಾಮಾನದ ಮಾತಾಡಿದೆವು. ನಾನು ಪೈ ತೆಗೆಯಲು ಒಲೆಯ ಬಾಗಿಲಿಗೆ ಕೈಹಾಕಿದ್ದೆ. ತಿರುಗಿ ನೋಡಿದರೆ ರೇಜಾನ್ ನನ್ನ ಹಿಂದೆ ನೆಲದ ಮೇಲೆ ಮೊಣಕಾಲೂರಿದ್ದ.

"ಅಕ್ಕಾ, ನಮ್ಮನ್ನ ಆಶೀರ್ವದಿಸು."

"ಏಳೋ, ನಂಗದೆಲ್ಲಾ ಬರಲ್ಲ."

"ಹಿರಿಯಳು ನೀನೇ ತಾನೆ," ಅಂದ.

ಕೈಯನ್ನು ಅಡುಗೆಯ ಏಪ್ರನ್ನಿಗೆ ಒರೆಸಿಕೊಂಡು, ಎತ್ತಿ, ಶಿಲುಬೆ ಬರೆದೆ. ಪೂರ್ತಿ ಮಂತ್ರ ನನಗೆ ಬಾಯಿಪಾಠ. ದೇವರು ನಿಮ್ಮನ್ನು ಹರಸಲಿ, ವರ್ಷ ಪೂರ್ತಿ ಕಾಪಾಡಲಿ, ಕೊನೆಗೆ ಸ್ವರ್ಗ ಕೊಡಲಿ. ತಪ್ಪಿಲ್ಲದೆ ಹೇಳಿದೆ. ಯಾರೂ ಆಮೆನ್ ಅನ್ನಲಿಲ್ಲ. ಅತ್ತೆ ಸಹ ಅನ್ನಲಿಲ್ಲ. ರೇಜಾನ್ ತಗ್ಗಿಸಿದ ತಲೆ ಎತ್ತಲೇ ಇಲ್ಲ.

"ಅಕ್ಕಾ," ಅಂದ, "ಅಪ್ಪಂದು ಹೇಳು."

ಅಪ್ಪನ ರಾಗದಲ್ಲೇ ಮೂರು ಸಲ ಹೇಳಿದೆ. ಎಲ್ಲರೂ ಆಮೆನ್ ಅಂದರು. ಆಮೇಲೆ ಬೂಟು ಹಾಕಿಕೊಂಡು, ಬೀಗದ ಕೈ ತೆಗೆದುಕೊಂಡು ಕೆಲಸಕ್ಕೆ ಹೊರಟೆ.